ಜೊತೆಗೆ ಹೋಗದ ಸಖಿಯರು

ಸ್ನೇಹವೆಂದೊಡನೆ ನಮಗೆ ನೆನಪಾಗುವುದು ಕೃಷ್ಣ-ಕುಚೇಲರು, ಕರ್ಣ-ದುರ್ಯೋಧನರು. ಹೆಂಗಸರ ಜೋಡಿಯೊಂದನ್ನು ಹೇಳಿರೆಂದರೆ ತಡವರಿಸುತ್ತೇವೆ. ಎರಡು ಜುಟ್ಟು ಸೇರಬಹುದು, ಎರಡು ಜಡೆ ಸೇರವು ಎಂಬ ಗಾದೆಯನ್ನಂತೂ ಮರೆಯುವುದಿಲ್ಲ. ಹೆಂಗಸರ ಸ್ವಭಾವವೇ ಹಾಗೆಯೆ?

ಕಾಳಿದಾಸನ ಶಾಕುಂತಲ ನಾಟಕವನ್ನು ನೋಡಿ. ದೂರ್ವಾಸರ ಶಾಪವನ್ನು ಕೇಳಿದವರು ಅನಸೂಯೆ, ಪ್ರಿಯಂವದೆ ಇಬ್ಬರೇ. ಪ್ರಿಯಂವದೆ ಮುನಿಯನ್ನು ಬೇಡಿ, ಗುರುತಿನ ಆಭರಣ ಕಂಡರೆ ಶಾಪ ತೀರುವುದೆಂಬ ಮಾತನ್ನೂ ಪಡೆಯುತ್ತಾಳೆ. ಆದರೆ ಶಕುಂತಲೆ ನೊಂದಾಳೆಂದು ಸಂಗತಿಯನ್ನು ಮುಚ್ಚಿಡುತ್ತಾರೆ. ಬೀಳ್ಕೊಡುವಾಗ, ರಾಜ ಗುರುತಿಸದಿದ್ದರೆ ಉಂಗುರ ತೋರಿಸು ಎಂದಷ್ಟೇ ಹೇಳುತ್ತಾರೆ. ಆಕೆ ದಾರಿಯಲ್ಲಿ ಅದನ್ನೇ ಕಳೆದುಕೊಳ್ಳುತ್ತಾಳೆ. ಸಖಿಯರು ಜೊತೆಗೆ ಬರಬಾರದೆ ಎಂದರೆ, ಇವರನ್ನೂ ಮದುವೆ ಮಾಡಿಕೊಡಬೇಕು, ಅಲ್ಲಿಗೆ ಹೋಗುವುದು ತರವಲ್ಲ ಎನ್ನುತ್ತಾರೆ ಕಣ್ವರು. ಹೀಗಾಗಿ ಶಾಪದ ವಿಷಯ ಬಲ್ಲವರು ಯಾರೂ ರಾಜಸಭೆಯಲ್ಲಿರಲಿಲ್ಲ.

ಜೊತೆಗೆ ಕಳಿಸದಿದ್ದುದು ಹಿರಿಯರ ಕಟ್ಟುಪಾಡು. ಮುಚ್ಚಿಟ್ಟದ್ದು ಗೆಳತಿಯರದೇ ತಪ್ಪು. ಮೊದಲನೆಯದನ್ನು ನಾವೆಲ್ಲ ಬಲ್ಲೆವು. ಮದುವೆ, ವರ್ಗಾವಣೆ ಎಂದು ಹೈದರಾಬಾದಿಗೆ ಬಂದ ನಮ್ಮಲ್ಲಿ ಎಷ್ಟು ಹೆಂಗಸರಿಗೆ ಶಾಲೆಯ ಗೆಳತಿಯ ವಿಳಾಸ ಗೊತ್ತು? ಎರಡನೆಯದನ್ನು ಒಪ್ಪಿಕೊಳ್ಳುವುದು ಕಷ್ಟ.

ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಅಬಿಡ್ಸಿನ ಫುಟ್‌ಪಾತಿನ ಹಳೆಯ ಪುಸ್ತಕಗಳಲ್ಲಿ ತ್ರಿವೇಣಿಯವರ ‘ಶರಪಂಜರ’ ಸಿಕ್ಕಿತು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಚಿತ್ರವಾಗಿಸಿದ ಕಾದಂಬರಿ. ಮಾನಸಿಕ ಕಾಯಿಲೆ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಎಲ್ಲರೂ ಸಂಶಯದಿಂದಲೇ ನೋಡುತ್ತಾರೆ. ಓದುತ್ತ ನನಗೆ ನನ್ನ ಪಕ್ಕದ ಮೇಜಿನವಳು ನೆನಪಾದಳು. ವರ್ಷಗಳ ಹಿಂದೆ ಅಂಥದೇ ಚಿಕಿತ್ಸೆ ಮುಗಿಸಿ ಆಕೆ ಕಚೇರಿಗೆ ಬಂದಾಗ, ಎಲ್ಲರಂತೆ ನಾನೂ ಊಟದ ಡಬ್ಬಿ ಎತ್ತಿಕೊಂಡು ಬೇರೆಡೆ ಹೋದೆ. ಪಾಪ, ಅವಳಿಗೆ ವಿಶ್ರಾಂತಿ ಇರಲಿ ಎಂದು ಸಮಾಧಾನ ಹೇಳಿಕೊಂಡೆ. ಅನಸೂಯೆ, ಪ್ರಿಯಂವದೆಯರ ನೆಪವೂ ಇಂಥದೇ. ಆದರೆ ನನ್ನನ್ನು ಯಾವ ಕಣ್ವರೂ ತಡೆದಿರಲಿಲ್ಲ.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಬೇರೆ ದಾರಿ ತೋರಿಸುತ್ತದೆ. ಬಾಲವಿಧವೆಯಾಗಿ ತಲೆ ಬೋಳಿಸಿಕೊಂಡು ಎಲ್ಲ ಕಟ್ಟಳೆಯನ್ನೂ ನಡೆಸಿದ ಫಣಿಯಮ್ಮ, ತರುಣಿ ದಾಕ್ಷಾಯಿಣಿ ಕೇಶ ತೆಗೆಸಲಾರೆನೆಂದಾಗ ಅವಳ ಪರ ನಿಲ್ಲುತ್ತಾಳೆ. ವಯಸ್ಸಿನಲ್ಲಾಗಲಿ ನಡತೆಯಲ್ಲಾಗಲಿ ಇವರು ಸಮಾನರಲ್ಲ. ಗೆಳತಿಯರೆಂದು ಯಾರೂ ಕರೆಯರು. ಆದರೂ ಸ್ನೇಹದ ಕೆಲಸ ನಡೆದದ್ದು ಇಲ್ಲಿ. ಗೆಳತಿಯ ಮೇಲೆ ಮರುಕಪಡುವುದು ಸುಲಭ. ನಾಲ್ಕು ಜನರೆದುರು ಅವಳ ಪಕ್ಕದಲ್ಲಿ ನಿಲ್ಲುವುದೇ ಸ್ನೇಹ.

ನನ್ನ ಆ ಗೆಳತಿ ಈಗ ಬೇರೆ ಊರಿನಲ್ಲಿದ್ದಾಳೆ. ವಿಳಾಸ ನನ್ನ ಬಳಿ ಇದೆ. ಕಾಗದ ಬರೆಯುವುದು ಇನ್ನೂ ಬಾಕಿಯಿದೆ.