ಬಿದ್ದ ಕೊಂಬೆಯ ಕರೇಲ



ಇಷ್ಟಲಿಂಗವನ್ನು ಧರಿಸುವ ಈ ಶರೀರವನ್ನು ದೃಢವಾಗಿಟ್ಟುಕೊಳ್ಳುವುದು ಭೋಗಕ್ಕಾಗಿಯಲ್ಲ, ಕಾಯಕಕ್ಕಾಗಿ, ದಾಸೋಹಕ್ಕಾಗಿ. ಗರಡಿಮನೆಗಳಲ್ಲಿ ದಂಡ ಬಸ್ಕಿಗಳೊಡನೆ ಕರೇಲಗಳೆಂಬ ಮರದ ಗದೆಗಳನ್ನು ತಿರುಗಿಸಿ ತೋಳು ಹೆಗಲುಗಳನ್ನು ಪಳಗಿಸುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಉಂಟು. ವಿಜಯನಗರದ ಕೃಷ್ಣದೇವರಾಯನು ಮುಂಜಾನೆ ಎಳ್ಳೆಣ್ಣೆ ಪೂಸಿಕೊಂಡು, ಮಣ್ಣಿನ ಭಾರಗಳನ್ನು ಹಿಡಿದು ಬೆವರಿಳಿಯುವವರೆಗೆ ಸಾಮು ಮಾಡುತ್ತಿದ್ದನೆಂದು 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸನು ಬರೆದಿದ್ದಾನೆ. ಅರಸನಿಗೆ ಮಣ್ಣಿನ ಭಾರ ಸಾಕಾಯಿತು. ನಮಗೆ ಬಿದ್ದ ಕೊಂಬೆ ಸಾಲದೆ?

ದೋಣಿಮಲೈ, ಸಂಡೂರುಗಳ ಬೆಟ್ಟಸಾಲಿನಲ್ಲಿ ಮಳೆಗಾಳಿಗೆ ಕೊಂಬೆಗಳು ಉರುಳುತ್ತವೆ. ಆದರೆ ಕಾಯ್ದಿಟ್ಟ ಅರಣ್ಯದಲ್ಲಿ ಬಿದ್ದದ್ದು ನಮ್ಮದಲ್ಲ, ಅಪ್ಪಣೆಯಿಲ್ಲದೆ ತರಲಾಗದು. ಸ್ವಂತ ಹೊಲದ ಬದುವಿನಲ್ಲಿ ಬಿದ್ದ ಬೇವು, ಹುಣಿಸೆ, ಜಾಲಿಯ ಕೊಂಬೆಯೇ ಸಾಕು. ಗೆದ್ದಲು ಹಿಡಿಯದ, ಸೀಳುಬಿಡದ ನೇರವಾದ ತುಂಡನ್ನು ಆರಿಸಿ, ಎರಡು ತುದಿಗಳಿಗೂ ಮೇಣ ಸವರಿ, ಕೆಲವು ತಿಂಗಳು ನೆರಳಿನಲ್ಲಿ ಒಣಗಲಿಡಬೇಕು. ತುದಿ ಬೇಗನೆ ಒಣಗಿ ಒಡಲು ಹಸಿಯಾಗಿ ಉಳಿದರೆ ಮರ ಬಿರಿಯುತ್ತದೆ. ಬಳಿಕ ತೊಗಟೆ ಸುಲಿದು, ಬಾಚಿಯಿಂದ ಕೆತ್ತಿ, ಒಂದು ತುದಿಯನ್ನು ದಪ್ಪವಾಗಿಯೂ ಹಿಡಿಯನ್ನು ಸಣ್ಣಗೂ ತಿದ್ದಿ, ಕೈಜಾರದಂತೆ ಹಿಡಿಯ ಕೊನೆಯಲ್ಲಿ ಗುಬುಟನ್ನು ಉಳಿಸಬೇಕು. ಅರದಿಂದ ಉಜ್ಜಿ ಅಗಸೆಯೆಣ್ಣೆ ಸವರಬೇಕು. ಜೋಡಿಯೆರಡೂ ತಕ್ಕಡಿಯಲ್ಲಿ ಸಮತೂಗಬೇಕು. ಹೊಸಬರಿಗೆ ಒಂದೊಂದೂ 1 ಕಿಲೋ ಇದ್ದರೆ ಸಾಕು.

ಅವಸರಪಟ್ಟು ಹಸಿಮರ ಕಡಿದು ಮಾಡಿದ ಕರೇಲ ಒಣಗುತ್ತ ಬಿರಿಯುತ್ತದೆ. ಬೀಸುವಾಗ ಮುರಿದು ಪಕ್ಕದವನಿಗೆ ಬಡಿದೀತು. ಸಹನೆಯಿಲ್ಲದ ಶಕ್ತಿಯ ಗತಿಯೂ ಇದೇ.

ಕಾಶ್ಮೀರದ ಅರಸುತನವನ್ನು ತೊರೆದು ಬಂದರೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನವರು ಕಲ್ಯಾಣದಲ್ಲಿ ಕಟ್ಟಿಗೆಯ ಹೊರೆ ಹೊತ್ತು ಮಾರಿ ಜಂಗಮದಾಸೋಹ ನಡೆಸಿದರು. ತೋಳ್ಬಲಕ್ಕೆ ಸಲ್ಲುವ ಸ್ಥಾನವೆಂದರೆ ಅದು. ಇನ್ನು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚಾಗಿ ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಪತ್ನಿ ಲಕ್ಕಮ್ಮನವರು ಹೇಳಿದರು. ಬಿದ್ದುದನ್ನು ಆಯುವುದರಲ್ಲಿಯೂ ಮಿತಿಯುಂಟೆಂಬುದು ಆ ತಾಯಿಯ ಬೋಧೆ. ಈ ಮಿತಿಯು ಬೆಟ್ಟದ ಅದಿರಿನಲ್ಲಿ ಮೀರಿದಾಗ ಏನಾಗುವುದೆಂಬುದನ್ನು ಬಳ್ಳಾರಿ ಸೀಮೆ ಕಂಡಿದೆ. 2011ರಲ್ಲಿ ಸುಪ್ರೀಂ ಕೋರ್ಟೇ ಅಲ್ಲಿನ ಗಣಿಗಾರಿಕೆಗೆ ತಡೆಯೊಡ್ಡಬೇಕಾಯಿತು.

ಆದಕಾರಣ, ಭಕ್ತರೇ, ಎರಡು ಕರೇಲಗಳಿಗೆ ಎರಡು ತುಂಡುಗಳನ್ನಷ್ಟೇ ಆಯ್ದುಕೊಳ್ಳಿರಿ. ನಿಂತ ಮರಕ್ಕೆ ಕೊಡಲಿ ತಾಗಿಸದಿರಿ. ಹೀಗೆ ಪಳಗಿದ ತೋಳು ಜಗಳಕ್ಕೆ ಏರದೆ, ಮುದುಕರ ಹೊರೆಯನ್ನು ಇಳಿಸಲು, ದಾಸೋಹದ ನೀರು ಹೊರಲು ಮುಂದಾದಾಗಲೇ ವ್ಯಾಯಾಮವೂ ಕಾಯಕವಾಗುತ್ತದೆ.