ಹಲಗೆ ಮೀನಿಗೆ ಎಷ್ಟು ಮಸಾಲೆ?

ಸಿಯಾಟಲ್ ಕಡೆ ತೆಳ್ಳನೆಯ ಸೀಡರ್ ಹಲಗೆಗಳನ್ನು ಕಟ್ಟು ಕಟ್ಟಿ ಮಾರುತ್ತಾರೆ. ಮೀನು ಬೇಯಿಸಲಿಕ್ಕೆ! ಹಲಗೆಯನ್ನು ಒಂದೆರಡು ಗಂಟೆ ನೀರಲ್ಲಿ ಮುಳುಗಿಸಿಟ್ಟು, ಚರ್ಮ ಕೆಳಗೆ ಬರುವಂತೆ ಸಾಲ್ಮನ್ ಮಲಗಿಸಿ, ಗ್ರಿಲ್ ಮೇಲಿಟ್ಟು ಮುಚ್ಚಳ ಹಾಕಿದರಾಯಿತು. ನೆನೆದ ಮರ ಬೇಗ ಹೊತ್ತಿಕೊಳ್ಳದೆ, ಅಂಚು ಕರಿಯಾಗುತ್ತ ಹೊಗೆಯಾಡುತ್ತದೆ. ಅರ್ಧ ಮಸಾಲೆ ಆ ಹೊಗೆಯೇ. ಅಲ್ಲಿನ ಮೂಲನಿವಾಸಿಗಳು ಸಾಲ್ಮನ್ನನ್ನು ಸೀಡರ್ ಕೋಲುಗಳಿಗೆ ಸಿಕ್ಕಿಸಿ ಆಲ್ಡರ್ ಉರಿಯ ಸುತ್ತ ನೆಟ್ಟು ಬೇಯಿಸುತ್ತಿದ್ದರು. ಗ್ರಿಲ್ ಮೇಲಿನ ಹಲಗೆ ಈಚಿನ ಶೋಕಿ.

ಮಂಗಳೂರಿನಿಂದ ಹೋಗಿ ಅಲ್ಲಿ ನೆಲೆಸಿದವರ ಕೈ ಮಾತ್ರ ಹಲಗೆ ಕಂಡರೂ ಬ್ಯಾಡಗಿ ಮೆಣಸಿನ ಡಬ್ಬಿಗೇ ಹೋಗುತ್ತದೆ. ಕಾವಲಿಯ ಬಂಗುಡೆಗೆ ಅದು ಸರಿ. ಅಲ್ಲಿ ಮಸಾಲೆ ಬಿಸಿ ಎಣ್ಣೆಗೆ ತಾಗಿ ಚುರುಗುಟ್ಟುತ್ತದೆ, ಹಸಿವಾಸನೆ ಹೋಗುತ್ತದೆ, ಗರಿಗರಿಯಾಗುತ್ತದೆ. ಹಲಗೆಯ ಮೇಲೆ ಆ ಎಣ್ಣೆಯೂ ಇಲ್ಲ, ತಳದಿಂದ ಆ ಕಾವೂ ಇಲ್ಲ. 15–20 ನಿಮಿಷದಲ್ಲಿ ಮೀನು ಬೆಂದೇಬಿಡುತ್ತದೆ, ಅರೆದ ಬೆಳ್ಳುಳ್ಳಿ ಹಸಿಯಾಗಿಯೇ ಉಳಿದು ಘಾಟು ಹೊಡೆಯುತ್ತದೆ. ಮಸಾಲೆ ಬೇಕೇ ಬೇಕೆಂದರೆ ಮೊದಲೇ ಎಣ್ಣೆಯಲ್ಲಿ ಹುರಿದು ತೆಳ್ಳಗೆ ಸವರಿ. ನಿಂಬೆಹುಳಿ ಊಟದ ತಟ್ಟೆಗೆ ಬಂದ ಮೇಲೆ ಹಿಂಡಿದರೆ ಸಾಕು. ಹುಳಿಯಲ್ಲಿ ಬಹಳ ಹೊತ್ತು ಕೂತ ಮೀನು ಬೆಂಕಿ ಕಾಣುವ ಮುಂಚೆಯೇ ಬಿಳಿಚಿಕೊಳ್ಳುತ್ತದೆ.

ನಿಜವಾಗಿ ಕೆಲಸ ಮಾಡುವುದು ಉಪ್ಪು. ಸವರಿ ಅರ್ಧ ಗಂಟೆ ಬಿಟ್ಟರೆ ಮೀನಿನ ಮೈಮೇಲೆ ಸಣ್ಣ ಸಣ್ಣ ನೀರಹನಿ ಮೂಡುತ್ತವೆ. ಅದನ್ನು ಬಟ್ಟೆಯಿಂದ ಒತ್ತಿ ತೆಗೆದು ಸ್ವಲ್ಪ ಗಾಳಿಗಿಟ್ಟರೆ ಮೈ ಅಂಟಂಟಾಗುತ್ತದೆ, ಹೊಗೆ ಅಲ್ಲಿ ಚೆನ್ನಾಗಿ ಹಿಡಿಯುತ್ತದೆ. ಬೇಯುವಾಗ ಸಾಲ್ಮನ್ ಮೇಲೆ ಉಕ್ಕುವ ಬಿಳಿ ಗಸಿಯೂ ಕಡಿಮೆ. ಇದರ ಮೇಲೆ ಕರಿಮೆಣಸು, ಒಂದಿಷ್ಟು ಸಬ್ಬಸಿಗೆ ಸೊಪ್ಪು. ಅಮೆರಿಕದವರು ಕಂದು ಸಕ್ಕರೆಯನ್ನೂ ಧಾರಾಳವಾಗಿ ಉದುರಿಸುತ್ತಾರೆ, ನನಗೇನೋ ಅದು ಮೀನೋ ಮಿಠಾಯಿಯೋ ಎನಿಸುತ್ತದೆ.

ಫಿನ್ಲೆಂಡಿನವರು ಇನ್ನೂ ಜಿಪುಣರು. ಸಾಲ್ಮನ್ನನ್ನು ಹಲಗೆಗೆ ಮರದ ಮೊಳೆಗಳಿಂದ ಬಡಿದು ಉರಿಯ ಪಕ್ಕ ನಿಲ್ಲಿಸುತ್ತಾರೆ, ಹೆಚ್ಚಾಗಿ ಬರೀ ಉಪ್ಪು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಶ್ಯಾಡ್ ಮೀನನ್ನು ಓಕ್ ಹಲಗೆಗೆ ಹೊಡೆದು, ಮೇಲೆ ಉಪ್ಪು ಹಾಕಿದ ಹಂದಿಮಾಂಸದ ಪಟ್ಟಿ ಹೊದಿಸುತ್ತಾರೆ. ಅದರ ಕೊಬ್ಬು ಕರಗಿ ಇಳಿದಂತೆ ಉಪ್ಪೂ ಜಿಡ್ಡೂ ಒಟ್ಟಿಗೇ ಮೀನಿಗೆ ಸೇರುತ್ತವೆ.

ಹಲಗೆ ಮಾತ್ರ ಅಡುಗೆಗೆಂದೇ ಮಾರುವುದಾಗಿರಲಿ. ಟಿಂಬರ್ ಡಿಪೋದ ಮರಕ್ಕೆ ಬಣ್ಣವೋ ಗೆದ್ದಲಿನ ಔಷಧಿಯೋ ತಾಗಿರಬಹುದು. ರಾಳ ಸೋರುವ ಪೈನ್ ಅಂತೂ ಬೇಡವೇ ಬೇಡ.