ನಾಳೆಯ ನಾನು: ಸಂಕಲ್ಪವೋ, ನಿದಾನವೋ?

ದೀಪಾವಳಿಯ ಅಮಾವಾಸ್ಯೆಯು ಜೈನರಿಗೆ ಭಗವಾನ್ ಮಹಾವೀರಸ್ವಾಮಿಯವರ ನಿರ್ವಾಣದ ದಿನ. ವರ್ತಕರಿಗೆ ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸಿ ತೆರೆಯುವ ಕಾಲ. ತುಮಕೂರಿನ ಮಂಡಿಯಾಗಲಿ, ಗುಬ್ಬಿ ಕುಣಿಗಲ್ ಪೇಟೆಗಳ ಅಂಗಡಿಯಾಗಲಿ, ಎಲ್ಲಿಯೂ ಕಿರ್ದಿಗೆ ಒಂದೇ ಶಿಸ್ತು. ನಡೆದುದನ್ನು ಮಾತ್ರ ಅದರಲ್ಲಿ ಬರೆಯತಕ್ಕದ್ದು. ಮುಂದೆ ಬರಬಹುದಾದ ಲಾಭವನ್ನು ಇಂದಿನ ಜಮೆಯೆಂದು ಬರೆಯುವ ಗುಮಾಸ್ತನನ್ನು ಯಾವ ಧಣಿಯೂ ಇಟ್ಟುಕೊಳ್ಳಲಾರನು.

ಇನ್ನೊಂದು ಬಗೆಯ ಪುಸ್ತಕವೂ ಈಗ ಮನೆಗಳಲ್ಲಿ ಕಾಣಸಿಗುತ್ತದೆ. ದಿನಚರಿ ಬರೆಯುವ ಕೆಲವರು ನಡೆದುದನ್ನು ಬರೆದು ಅಷ್ಟಕ್ಕೇ ನಿಲ್ಲುವುದಿಲ್ಲ. ಒಂದು ವರ್ಷದ, ಹತ್ತು ವರ್ಷದ ಬಳಿಕ ತಾವು ಎಂಥವರಾಗಿರಬೇಕೆಂಬುದನ್ನು ಕಲ್ಪಿಸಿ, ಅಲ್ಲಿಗೆ ಹೋಗುವ ದಾರಿಯನ್ನೂ ಗುರುತಿಸಿಡುತ್ತಾರೆ. ಮೊಬೈಲಿನಲ್ಲಿಯೇ ಹೀಗೆ ಬರೆದಿಡುವವರೂ ಉಂಟು. ವ್ರತವನ್ನು ಹಿಡಿದ ಶ್ರಾವಕ ಶ್ರಾವಿಕೆಯರಿಗೆ ಇದು ಯೋಗ್ಯವೇ? ಇನ್ನೂ ಬಾರದ ನಾಳೆಯ ಮೇಲೆ ಮನಸ್ಸನ್ನು ನೆಡುವುದು ಆಸೆಯೇ ಅಲ್ಲವೇ? ಆಸೆಯನ್ನು ಅಳಿಸಲೆಂದು ಹೊರಟವನು ಅದನ್ನು ಕೈಯಾರೆ ಬರೆದಿಡುವುದು ಹೇಗೆ ಸರಿಯಾದೀತು?

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆತ್ಮನು ತನ್ನನ್ನು ಮೂರು ಕಾಲಗಳಲ್ಲಿಯೂ ನೋಡಿಕೊಳ್ಳಬೇಕೆಂಬುದು ಶಾಸ್ತ್ರಸಮ್ಮತವೇ ಆಗಿದೆ. ಹಿಂದಿನ ಕರ್ಮದಿಂದ ತನ್ನನ್ನು ಹಿಂತಿರುಗಿಸಿಕೊಳ್ಳುವುದು ಪ್ರತಿಕ್ರಮಣ, ಈಗ ಉದಯದಲ್ಲಿರುವ ದೋಷವನ್ನು ಅರಿಯುವುದು ಆಲೋಚನೆ, ಮುಂದಿನದರಿಂದ ಹಿಂತಿರುಗಿಸಿಕೊಳ್ಳುವುದು ಪ್ರತ್ಯಾಖ್ಯಾನ ಎಂದು ಕುಂದಕುಂದಾಚಾರ್ಯರು ಸಮಯಸಾರದಲ್ಲಿ ವಿವರಿಸಿದ್ದಾರೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ, ಶ್ರಾವಕನು ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಪಂಚನಮಸ್ಕಾರವನ್ನು ಹೇಳಿ, ತಾನು ಯಾರು, ತನ್ನ ಧರ್ಮವೇನು, ತನ್ನ ವ್ರತವೇನು ಎಂದು ವಿಚಾರಿಸಿಕೊಳ್ಳಬೇಕೆಂದು ವಿಧಿಸಿದ್ದಾರೆ. ಮನಸ್ಸಿನಲ್ಲಿ ಮಾಡುವ ಈ ವಿಚಾರವನ್ನೇ ಕಾಗದದ ಮೇಲೆ ಇಳಿಸಿದರೆ ಅದು ದಿನಚರಿಯಾಗುತ್ತದೆ. ಬರೆದುದಕ್ಕೆ ಒಂದು ಅನುಕೂಲವುಂಟು: ಮನಸ್ಸು ತನ್ನ ಮಾತನ್ನು ತಾನೇ ತಿದ್ದಿಕೊಂಡು ಮರೆಯಬಲ್ಲದು, ಶಾಯಿ ಮರೆಯುವುದಿಲ್ಲ.

ಆದರೆ ಇಂದು ಬರೆಯುವವನೂ ಹತ್ತು ವರ್ಷದ ಬಳಿಕ ಇರುವವನೂ ಒಬ್ಬನೇ ಏನು? ಬೇರೆಯವನೇ ಆಗಿದ್ದರೆ, ಅವನ ಪರವಾಗಿ ಮಾತು ಕೊಡಲು ಇವನಿಗೆ ಅಧಿಕಾರವಿಲ್ಲ. ಯಾವ ವ್ಯತ್ಯಾಸವೂ ಇಲ್ಲದೆ ಇವನೇ ಆಗಿದ್ದರೆ, ಪ್ರಯತ್ನಕ್ಕೆ ಅರ್ಥವಿಲ್ಲ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಈ ತೊಡಕನ್ನು ಬಿಡಿಸಲು ತೆಗೆದುಕೊಂಡ ದೃಷ್ಟಾಂತ ವ್ರತದ್ದೇ ಎಂಬುದು ಗಮನಾರ್ಹ. ಹಾಲನ್ನು ಮಾತ್ರ ಸೇವಿಸುವ ವ್ರತವುಳ್ಳವನು ಮೊಸರನ್ನು ಮುಟ್ಟುವುದಿಲ್ಲ. ಮೊಸರಿನ ವ್ರತವುಳ್ಳವನು ಹಾಲನ್ನು ಮುಟ್ಟುವುದಿಲ್ಲ. ಗೋರಸವನ್ನೇ ತೊರೆದವನು ಎರಡನ್ನೂ ಮುಟ್ಟುವುದಿಲ್ಲ. ಹಾಲೆಂಬ ಪರ್ಯಾಯ ಅಳಿದು ಮೊಸರೆಂಬ ಪರ್ಯಾಯ ಹುಟ್ಟಿತು, ಗೋರಸ ಮಾತ್ರ ಎರಡರಲ್ಲಿಯೂ ನಿಂತಿತು. ಜೀವನೂ ಹಾಗೆಯೇ. ನಾಳೆಯವನು ಇಂದಿನವನಲ್ಲ, ಆದರೂ ಇಂದಿನವನೇ. ಪರ್ಯಾಯ ಬದಲಾಗುವುದರಿಂದ ಸುಧಾರಣೆ ಸಾಧ್ಯ; ದ್ರವ್ಯ ನಿಲ್ಲುವುದರಿಂದ ಹೊಣೆ ತಪ್ಪದು. ಇಷ್ಟನ್ನು ಒಪ್ಪಿದವನಿಗೆ ನಾಳೆಯ ತನ್ನನ್ನು ಕುರಿತು ಬರೆಯುವ ಅಧಿಕಾರ ಉಂಟೆಂದಾಯಿತು.

ಅಧಿಕಾರವಿದ್ದ ಮಾತ್ರಕ್ಕೆ ಅಪಾಯ ತಪ್ಪಲಿಲ್ಲ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಇಲ್ಲಿನ ನಿದಾನವು ಆಡುಮಾತಿನ ನಿಧಾನವಲ್ಲ. ತಪಸ್ಸಿನ ಬೆಲೆಯಾಗಿ ಮುಂದಿನ ಭೋಗವನ್ನು ಬೇಡುವುದು. ಉತ್ತರಪುರಾಣದಲ್ಲಿ ಬರುವ ಮಹಾವೀರರ ಭವಾವಳಿಯಲ್ಲಿಯೇ ಇದಕ್ಕೆ ನಿದರ್ಶನವಿದೆ. ವಿಶ್ವನಂದಿ ಮುನಿಯು ತಪದಿಂದ ಕೃಶನಾಗಿ ಮಥುರೆಯ ಬೀದಿಯಲ್ಲಿ ನಡೆಯುವಾಗ ಹಸುವೊಂದು ಹಾಯ್ದು ಬಿದ್ದನು. ಹಳೆಯ ವೈರಿ ವಿಶಾಖನಂದಿ ಅದನ್ನು ಕಂಡು ನಕ್ಕನು. ಆ ನಗೆಗೆ ಮನಗೆಟ್ಟ ಮುನಿಯು ಮುಂದೆ ಇವನನ್ನು ಕೊಲ್ಲುವ ಬಲ ತನಗೆ ಬರಲೆಂದು ಬಯಸಿದನು. ಬಯಸಿದಂತೆಯೇ ಆಯಿತು. ತ್ರಿಪೃಷ್ಠ ವಾಸುದೇವನಾಗಿ ಹುಟ್ಟಿ ವೈರಿಯನ್ನು ಕೊಂದನು. ಆಮೇಲೆ ನರಕಕ್ಕೆ ಇಳಿದನು. ನಾಳೆಯ ತನ್ನನ್ನು ಅಷ್ಟು ಸ್ಪಷ್ಟವಾಗಿ ಕಲ್ಪಿಸಿದವರು ವಿರಳ, ಆ ಕಲ್ಪನೆಯಿಂದ ಅಷ್ಟು ಕಳೆದುಕೊಂಡವರೂ ವಿರಳ.

ಅದೇ ಜೀವವು ಮುಂದೆ ಸಿಂಹವಾಗಿ, ಕೊಂದ ಜಿಂಕೆಯನ್ನು ತಿನ್ನುತ್ತಿದ್ದಾಗ ಚಾರಣಮುನಿಗಳು ಅದಕ್ಕೆ ಅದರ ಹಿಂದಿನ ಭವಗಳನ್ನೂ, ಮುಂದೆ ಅದು ತೀರ್ಥಂಕರನಾಗುವುದನ್ನೂ ತಿಳಿಸಿದರು. ಸಿಂಹ ಕಣ್ಣೀರಿಟ್ಟು ವ್ರತ ಹಿಡಿಯಿತು. ತನ್ನ ಭವಿಷ್ಯವನ್ನು ಕೇಳಿದ ಆ ಪ್ರಾಣಿ ಮಾಡಿದ್ದು ಒಂದೇ: ಎದುರಿಗಿದ್ದ ಮಾಂಸವನ್ನು ಬಿಟ್ಟಿತು. ಮುನಿಯ ಕಲ್ಪನೆ ಪಡೆಯುವುದನ್ನು ಕುರಿತದ್ದು, ಸಿಂಹದ ವ್ರತ ಬಿಡುವುದನ್ನು ಕುರಿತದ್ದು. ಸಂಕಲ್ಪಕ್ಕೂ ನಿದಾನಕ್ಕೂ ಇರುವ ಅಂತರ ಇಷ್ಟೇ, ಇದು ಸಣ್ಣದಲ್ಲ.

ಈ ಅಂತರವನ್ನು ಇಂದಿನ ಎರಡು ಪುಸ್ತಕಗಳಲ್ಲಿ ಕಲ್ಪಿಸಿ ನೋಡಬಹುದು. ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಒಬ್ಬರು, ಬರುವ ದಶಲಕ್ಷಣ ಪರ್ವದಲ್ಲಿ ಹತ್ತು ದಿನವೂ ಉಪವಾಸ ಮಾಡಬೇಕು, ಉದ್ಯಾಪನೆ ಊರೆಲ್ಲ ನೆನೆಯುವಂತಿರಬೇಕು, ತನ್ನನ್ನು ತಪಸ್ವಿಯೆಂದು ಜನ ಕರೆಯಬೇಕು ಎಂದು ಬರೆಯುತ್ತಾರೆನ್ನೋಣ. ಅಲ್ಲಿ ಉಪವಾಸದ ಹೆಸರಿದೆ. ಹಸಿವಿನ ಹೊತ್ತಿನಲ್ಲಿ ಕೋಪವನ್ನು ಹೇಗೆ ತಡೆಯುವುದೆಂಬ ಒಂದು ಸಾಲೂ ಇಲ್ಲ. ಕುಣಿಗಲ್ಲಿನಿಂದ ತುಮಕೂರಿನ ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಒಬ್ಬ ಉಪಾಧ್ಯಾಯಿನಿಯ ಪುಸ್ತಕ ಬೇರೆ ಬಗೆಯದು. ಚಾತುರ್ಮಾಸ್ಯದ ನಾಲ್ಕು ತಿಂಗಳು ರಾತ್ರಿಭೋಜನ ತ್ಯಾಗ ಎಂದು ಬರೆದು, ಅದರ ಕೆಳಗೆ ಆಕೆ ಅಡ್ಡಿಗಳನ್ನು ಬರೆಯುತ್ತಾಳೆ. ಬಸ್ಸು ತಡವಾದರೆ ಏನು? ಮಧ್ಯಾಹ್ನದ ಬುತ್ತಿಯ ಜೊತೆಗೆ ಇನ್ನೊಂದು ಡಬ್ಬಿ, ಸೂರ್ಯಾಸ್ತಕ್ಕೆ ಮುಂಚೆ ಶಾಲೆಯಲ್ಲಿಯೇ ಊಟ. ನೆಂಟರ ಮನೆಯ ಮದುವೆಯಾದರೆ? ಮೊದಲೇ ಹೇಳಿಬಿಡುವುದು. ಒಂದು ತಿಂಗಳ ಬಳಿಕ ಅಲ್ಲಿಯೇ ಇನ್ನೊಂದು ಸಾಲು ಸೇರುತ್ತದೆ: ದಾಕ್ಷಿಣ್ಯಕ್ಕೆ ಸಿಕ್ಕಿ ರಾತ್ರಿ ಉಂಡೆ, ಹಸಿವಾಗಿರಲಿಲ್ಲ, ಇಲ್ಲವೆನ್ನಲು ಧೈರ್ಯವಿರಲಿಲ್ಲ. ಆ ಸಾಲು ಆಕೆಗೆ ತನ್ನ ದೌರ್ಬಲ್ಯ ನಾಲಗೆಯದಲ್ಲ, ಸಂಕೋಚದ್ದೆಂಬುದನ್ನು ತೋರಿಸಿಕೊಟ್ಟಿತು. ಮುಂದಿನ ಸಂಕಲ್ಪ ಯಾವುದರ ಮೇಲೆ ಇರಬೇಕೆಂಬುದೂ ಅದರಿಂದಲೇ ತಿಳಿಯಿತು.

ನೋಂಪಿಯ ಕಥೆಗಳಲ್ಲಿ ಬಡವಳು ವ್ರತಮಾಡಿ ಸಂಪತ್ತನ್ನು ಪಡೆದಳೆಂದು ಬರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಫಲವನ್ನು ಹೇಳಿರುವುದು ಹೊಸಬರನ್ನು ವ್ರತಕ್ಕೆ ಕರೆತರಲು. ಕಥೆಗೆ ಒಪ್ಪುವ ಫಲವು ಸಂಕಲ್ಪದ ಸಾಲಿಗೆ ಒಪ್ಪುವುದಿಲ್ಲ.

ಅಂಗಡಿ ನಡೆಸುತ್ತ ಇಂಥ ಪುಸ್ತಕವನ್ನಿಟ್ಟುಕೊಂಡವರು ನಿಜವಾಗಿಯೂ ಇದ್ದರು. ಮುಂಬಯಿಯಲ್ಲಿ ವಜ್ರದ ವ್ಯಾಪಾರ ಮಾಡುತ್ತಿದ್ದ ಶ್ರೀಮದ್ ರಾಜಚಂದ್ರರ (1867–1901) ಮೇಜಿನ ಮೇಲೆ ಯಾವಾಗಲೂ ಒಂದು ಧರ್ಮಗ್ರಂಥವೂ ದಿನಚರಿಯೂ ಇರುತ್ತಿದ್ದುವೆಂದೂ, ವ್ಯವಹಾರದ ಮಾತು ಮುಗಿದೊಡನೆ ಅವರು ಅವುಗಳಲ್ಲೊಂದನ್ನು ತೆರೆಯುತ್ತಿದ್ದರೆಂದೂ ಗಾಂಧೀಜಿ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಗಾಂಧೀಜಿ ಅವರನ್ನು ಮೊದಲು ಕಂಡದ್ದು 1891ರಲ್ಲಿ, ಇಂಗ್ಲೆಂಡಿನಿಂದ ಮರಳಿದಾಗ. ಬಾಹ್ಯಾಭ್ಯಂತರ ನಿರ್ಗ್ರಂಥನಾಗುವ ಅಪೂರ್ವ ಅವಸರ ತನಗೆ ಎಂದು ಬಂದೀತೆಂದು ಹಂಬಲಿಸುವ ಗುಜರಾತಿ ಪದವನ್ನೂ ಅವರು ರಚಿಸಿದರು. ಆ ಮುನಿದೀಕ್ಷೆ ಅವರಿಗೆ ಒದಗಲಿಲ್ಲ; ಮೂವತ್ತಮೂರನೆಯ ವಯಸ್ಸಿನಲ್ಲಿಯೇ ದೇಹ ಬಿಟ್ಟರು. ಹಾಗಾದರೆ ಬರೆದುದು ವ್ಯರ್ಥವೇ? ಪಡೆಯಲೆಂದು ಬರೆದಿದ್ದರೆ ವ್ಯರ್ಥವೇ ಸರಿ. ಬಿಡಲೆಂದು ಬರೆದವನಿಗೆ, ಬಿಟ್ಟಷ್ಟು ದಿನವೂ ಫಲಿಸಿತು. ಆಯುಸ್ಸು ಯಾರ ಕೈಯಲ್ಲಿಯೂ ಇಲ್ಲದಿರುವಾಗ, ನಾಳೆಯನ್ನು ಕುರಿತ ಬರಹ ಇಂದೇ ಫಲಿಸುವಂತಿರಬೇಕು.

ಆದುದರಿಂದ ಬರೆಯುವವರು ಕೆಲವು ಅಂಶಗಳನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು. ಏನಾಗಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದನ್ನು ಬರೆಯಲಿ. ಕಾಲದ ಮಿತಿಯುಳ್ಳದ್ದು ನಿಯಮ, ಜೀವವಿರುವವರೆಗಿನದು ಯಮ ಎಂದು ರತ್ನಕರಂಡಕ ಶ್ರಾವಕಾಚಾರ ಭೇದಮಾಡಿದೆ. ಮೊದಲು ನಿಯಮವನ್ನು ಬರೆದು, ಅದು ನಿಂತ ಮೇಲೆ ಯಮದ ಮಾತನ್ನೆತ್ತಲಿ. ತಪವೂ ತ್ಯಾಗವೂ ಶಕ್ತಿಗೆ ತಕ್ಕಷ್ಟೇ ಎಂಬುದು ಷೋಡಶಕಾರಣ ಭಾವನೆಗಳಲ್ಲಿಯೇ ಸೇರಿದೆ. ವೃದ್ಧರೂ ರೋಗಿಗಳೂ ಶಕ್ತಿಯನ್ನು ಮೀರಿ ಬರೆದುಕೊಳ್ಳುವುದು ಬೇಡ. ಭಂಗವಾದುದನ್ನು ಅಡಗಿಸದೆ ಬರೆಯಲಿ, ಕೈಕೊಂಡ ಪ್ರಾಯಶ್ಚಿತ್ತವನ್ನೂ ಪಕ್ಕದಲ್ಲಿಯೇ ಬರೆಯಲಿ. ಪುಸ್ತಕವನ್ನು ಇನ್ನೊಬ್ಬರಿಗೆ ತೋರಿಸದಿರಲಿ. ತೋರಿಸುವ ಬಯಕೆ ಬಂದ ದಿನ ಅದನ್ನೇ ಅಂದಿನ ದೋಷವೆಂದು ಬರೆದುಕೊಳ್ಳಲಿ.

ಕುಣಿಗಲ್ಲಿನ ಮೂಲಕ ಶ್ರವಣಬೆಳಗೊಳಕ್ಕೆ ಹೋಗುವ ಯಾತ್ರಿಕರು ಅಲ್ಲಿನ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೆಯ ಶತಮಾನದಿಂದ ಮೊದಲಾದ ಶಾಸನಗಳನ್ನು ಕಾಣುತ್ತಾರೆ. ಅವುಗಳಲ್ಲಿ ಹಲವು ಸಂನ್ಯಸನದಿಂದ ದೇಹ ಬಿಟ್ಟವರ ನೆನಪಿನವು. ಒಬ್ಬೊಬ್ಬರಿಗೆ ಕೆಲವೇ ಸಾಲು. ಅದನ್ನೂ ವ್ರತ ಮುಗಿದ ಮೇಲೆ ಇತರರು ಬರೆಸಿದ್ದು. ಹೀಗೆ ಆಗುವೆನೆಂದು ಆ ತಪಸ್ವಿಗಳು ಮುಂಚೆ ಹೇಳಿಕೊಂಡ ಮಾತು ಅಲ್ಲಿಲ್ಲ. ಬರೆಯುವವರ ಪುಸ್ತಕಕ್ಕೂ ಆ ಕಲ್ಲಿನ ಸಂಯಮವಿರಲಿ. ನಾಳೆಯ ಪುಟದಲ್ಲಿ ಇಂದು ಒಂದು ಸಾಲು ಸಾಕು. ಅದನ್ನು ಬರೆದ ಕೈ ಇಂದಿನ ಸಂಜೆಯೇ ಏನನ್ನು ಬಿಡುವುದೋ ಅದನ್ನು ಬಿಡಲಿ.